ವಯಸ್ಸಾದ ಮೇಲೆ ಪಾರ್ಟ್ ಟೈಮ್ ಕೆಲಸ: ಪೋರ್ಟಲ್, ಏಜೆನ್ಸಿ, ಫ್ರೀಲ್ಯಾನ್ಸ್, ಪರಿಚಯ, ನೇರ ಭೇಟಿ – ಯಾವುದು ವಾಸಿ?

ಅರವತ್ತರ ಆಸುಪಾಸಿನಲ್ಲಿ ಪಾರ್ಟ್ ಟೈಮ್ ಕೆಲಸ ಹುಡುಕುತ್ತೇನೆ ಅಂದರೆ ಎಲ್ಲರೂ ಕೊಡುವ ಸಲಹೆ ಒಂದೇ. ಆನ್‌ಲೈನಲ್ಲಿ ಅರ್ಜಿ ಹಾಕ್ತಾ ಇರಿ, ಯಾವುದಾದ್ರೂ ಒಂದು ಸಿಗುತ್ತೆ. ನಾನು ಆನ್‌ಲೈನೂ ನೋಡಿದೆ, ಇನ್ನೂ ನಾಲ್ಕು ದಾರಿ ನೋಡಿದೆ. ಲೆಕ್ಕಪತ್ರದ ಕೆಲಸದಿಂದ ನಿವೃತ್ತಿಯಾದ ನನಗೆ ಬೇಕಾಗಿದ್ದು ಇಷ್ಟೇ: ವಾರಕ್ಕೆ ಹದಿನೈದು ಇಪ್ಪತ್ತು ಗಂಟೆ, ಆದಷ್ಟು ಬೆಳಗಿನ ಹೊತ್ತು, ಹೆಚ್ಚು ನಿಲ್ಲಬೇಕಾಗಿಲ್ಲದ ಕೆಲಸ, ತಿಂಗಳಾದ ಮೇಲೆ ತಪ್ಪದೆ ಬರುವ ಸಂಬಳ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಹುಟ್ಟಿದ ವರ್ಷ ನೋಡುವ ಮೊದಲು ನಿಮ್ಮನ್ನೇ ನೋಡುವ ಅವಕಾಶ ಎಲ್ಲಿದೆಯೋ ಆ ದಾರಿಗೆ ಜಾಸ್ತಿ ಸಮಯ ಕೊಡಿ. ಉಳಿದದ್ದೆಲ್ಲ ಆಮೇಲೆ. ವಯಸ್ಸಿನ ಬಗ್ಗೆ ಜನರ ಮನಸ್ಸಿನಲ್ಲಿ ಏನಿದೆ ಅನ್ನೋದು ನಮ್ಮ ಕಲ್ಪನೆಯಲ್ಲ. ಜಗತ್ತಿನಲ್ಲಿ ಇಬ್ಬರಲ್ಲಿ ಒಬ್ಬರಿಗೆ ವಯಸ್ಸಾದವರ ಬಗ್ಗೆ ತಾರತಮ್ಯದ ಭಾವನೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2021ರ ವರದಿಯಲ್ಲಿ ಹೇಳಿದೆ. ಆ ಭಾವನೆ ಇರುವವರ ಎದುರು ಕೂತು ಮಾತಾಡಿದರೆ ಒಂದಷ್ಟಾದರೂ ಬದಲಾಗುತ್ತದೆ. ಫಾರಂ ಕಳಿಸಿದರೆ ಏನೂ ಬದಲಾಗುವುದಿಲ್ಲ.

ಮೊದಲು ಜಾಬ್ ಪೋರ್ಟಲ್. ಇದರ ಒಳ್ಳೆಯ ಗುಣ ಅಂದರೆ ಮನೆಯಲ್ಲೇ ಕೂತು ನೋಡಬಹುದು, ಯಾವ ಕೆಲಸಕ್ಕೆ ಎಷ್ಟು ಸಂಬಳ ನಡೀತಿದೆ ಅಂತ ತಿಳಿಯುತ್ತದೆ, ಈಗ ಯಾವ ಸಾಫ್ಟ್‌ವೇರ್ ಕೇಳುತ್ತಿದ್ದಾರೆ ಅಂತಲೂ ಗೊತ್ತಾಗುತ್ತದೆ. ಆದರೆ ಕೆಲಸ ಸಿಗುವ ವಿಷಯಕ್ಕೆ ಬಂದರೆ ನಮ್ಮಂಥವರಿಗೆ ಇದು ಅತಿ ಕಷ್ಟದ ದಾರಿ. ಎಷ್ಟೋ ಫಾರಂಗಳಲ್ಲಿ ಓದು ಮುಗಿಸಿದ ವರ್ಷ ತುಂಬದಿದ್ದರೆ ಮುಂದಿನ ಪುಟಕ್ಕೇ ಬಿಡುವುದಿಲ್ಲ. ಅನುಭವ 'ಎರಡರಿಂದ ಐದು ವರ್ಷ' ಅಂತ ಹಾಕಿರುತ್ತಾರೆ, ಮೂವತ್ತು ವರ್ಷ ಇರುವವರು ಸೋಸಿಹೋಗುತ್ತಾರೆ. ಪಾರ್ಟ್ ಟೈಮ್ ಅಂತ ಆರಿಸಿದರೂ ಪೂರ್ತಿ ದಿನದ ಕೆಲಸಗಳೇ ಸಾಲಾಗಿ ಬರುತ್ತವೆ. ಇನ್ನು ಕೆಲವು ಕಡೆ ಪಾರ್ಟ್ ಟೈಮ್ ಅಂದರೆ ವಾರ ವಾರಕ್ಕೂ ಬದಲಾಗುವ ಶಿಫ್ಟ್, ರಾತ್ರಿಯೂ ಸೇರಿ.

ಆದರೂ ಹಾಕುವುದಾದರೆ ಬಯೋಡೇಟಾ ಸರಳವಾಗಿರಲಿ. ಬಹಳ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಸಾಫ್ಟ್‌ವೇರ್ ಓದಿ ಅಕ್ಷರಗಳನ್ನು ಹೆಕ್ಕಿಕೊಳ್ಳುತ್ತದೆ. ಎರಡು ಕಾಲಂ, ಟೇಬಲ್, ಚಿತ್ರದ ಒಳಗೆ ಬರೆದ ಅಕ್ಷರ ಇವೆಲ್ಲ ಅದಕ್ಕೆ ಎಷ್ಟೋ ಸಲ ಸರಿಯಾಗಿ ಕಾಣುವುದಿಲ್ಲ. ಜಾಹೀರಾತಿನಲ್ಲಿ ಇರುವ ಪದವನ್ನೇ, ಅದು ನಿಜವಾಗಿ ನಿಮಗೆ ಬರುವ ಕೆಲಸವಾದರೆ, ಬಯೋಡೇಟಾದಲ್ಲೂ ಹಾಕಿ. ಕಳೆದ ಹತ್ತು ಹದಿನೈದು ವರ್ಷದ ಕೆಲಸ ವಿವರವಾಗಿ ಸಾಕು, ಅದಕ್ಕೂ ಹಿಂದಿನದ್ದು ಒಂದೇ ಸಾಲು. ಕೇಳದೆ ಇರುವಾಗ ಹುಟ್ಟಿದ ದಿನಾಂಕ ಬರೆಯಬೇಕಾಗಿಲ್ಲ. ಇದು ಮುಚ್ಚಿಡುವುದಲ್ಲ. ಕೇಳಿದರೆ ನಿಜ ಹೇಳಿ, ಕೇಳದಿದ್ದರೆ ಅದು ಕೆಲಸಕ್ಕೆ ಸಂಬಂಧಪಟ್ಟದ್ದಲ್ಲ.

ಪೋರ್ಟಲ್ ವಿಷಯದಲ್ಲಿ ನನಗೆ ತುಂಬಾ ಕಳವಳ ಆಗುವುದು ಮೋಸದ ಜಾಹೀರಾತುಗಳ ಬಗ್ಗೆ. 'ಮನೆಯಿಂದಲೇ ಕೆಲಸ, ಹಿರಿಯರಿಗೆ ಆದ್ಯತೆ' ಅಂತ ಬರುವುದರಲ್ಲಿ ಬಹಳಷ್ಟು ನಮ್ಮನ್ನೇ ಗುರಿ ಮಾಡಿರುತ್ತದೆ. ಒಂದು ಬಗೆ ಹೀಗೆ: ಡೇಟಾ ಎಂಟ್ರಿ ಕೊಡುತ್ತಾರೆ, ನೀವು ಮಾಡಿ ಕಳಿಸಿದ ಮೇಲೆ ತಪ್ಪು ಜಾಸ್ತಿ ಇದೆ, ಕರಾರು ಮುರಿದಿದ್ದೀರಿ, ದಂಡ ಕಟ್ಟಿ, ಇಲ್ಲದಿದ್ದರೆ ಕೋರ್ಟ್ ನೋಟಿಸ್ ಬರುತ್ತೆ ಅಂತ ಹೆದರಿಸುತ್ತಾರೆ. ಇನ್ನೊಂದು, ವಿಡಿಯೋಗೆ ಲೈಕ್ ಒತ್ತುವ, ಹೋಟೆಲ್‌ಗಳಿಗೆ ಸ್ಟಾರ್ ಕೊಡುವ 'ಟಾಸ್ಕ್'. ಮೊದಲು ಸಣ್ಣ ದುಡ್ಡು ನಿಜವಾಗಿಯೂ ಕೊಡುತ್ತಾರೆ, ನಂಬಿಕೆ ಬಂದ ಮೇಲೆ ನೀವೇ ದುಡ್ಡು ಹಾಕಿ ಅನ್ನುತ್ತಾರೆ, ಆಮೇಲೆ ಅದು ವಾಪಸ್ ಬರುವುದಿಲ್ಲ. ಡೆಪಾಸಿಟ್, ಟ್ರೈನಿಂಗ್ ಫೀಸ್, ಲ್ಯಾಪ್‌ಟಾಪ್ ಕಳಿಸುವ ಖರ್ಚು, ಹೆಸರು ಏನೇ ಇರಲಿ, ಕೆಲಸ ಕೊಡುವವರು ನಿಮ್ಮಿಂದ ದುಡ್ಡು ಕೇಳಿದ ಕೂಡಲೇ ಮಾತು ನಿಲ್ಲಿಸಿ. ಒಟಿಪಿ ಕೇಳಿದರೂ ಅಷ್ಟೇ.

ಏಜೆನ್ಸಿ ಇದಕ್ಕಿಂತ ಎಷ್ಟೋ ವಾಸಿ. ತಾತ್ಕಾಲಿಕ ಕೆಲಸಕ್ಕೆ ಜನ ಕಳಿಸುವ ಏಜೆನ್ಸಿಯಲ್ಲಿ ಯಾರೋ ಒಬ್ಬರು ನಿಮ್ಮ ಎದುರು ಕೂತು ಏನು ಬರುತ್ತೆ ಅಂತ ಕೇಳುತ್ತಾರೆ, ಆಮೇಲೆ ನಿಮ್ಮ ಪರವಾಗಿ ಇನ್ನೊಬ್ಬರ ಹತ್ತಿರ ಮಾತಾಡುತ್ತಾರೆ. ನಾನು ಮೊದಲು ಹೋದ ಕಡೆ ಹೆಸರು ಬರೆಸಿಕೊಳ್ಳಲು ಫೀಸ್ ಕೇಳಿದರು, ಎದ್ದು ಬಂದೆ. ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಬೇರೆ ರೀತಿಯಲ್ಲಾಗಲಿ ಶುಲ್ಕ ತೆಗೆದುಕೊಳ್ಳಬಾರದು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಪ್ಪಂದ ಹೇಳುತ್ತದೆ. ಅದರಲ್ಲಿ ಕೆಲವು ವಿನಾಯಿತಿಗಳಿವೆ, ಎಲ್ಲ ದೇಶಗಳೂ ಅದನ್ನು ಅಂಗೀಕರಿಸಿಲ್ಲ, ಆದರೂ ಅಳತೆಗೋಲಾಗಿ ಅದು ಸರಿಯಾದದ್ದೇ. ಒಳ್ಳೆಯ ಏಜೆನ್ಸಿಗೆ ದುಡ್ಡು ಬರುವುದು ಕೆಲಸ ಕೊಡುವವರಿಂದ.

ಇನ್ನೊಂದು ಏಜೆನ್ಸಿಯಲ್ಲಿ ಟೈಪಿಂಗ್ ಮತ್ತು ಎಕ್ಸೆಲ್ ಪರೀಕ್ಷೆ ಕೊಟ್ಟರು. ಇದಕ್ಕೆ ಹೆದರಬೇಡಿ ಅಂತ ಒತ್ತಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಜನ ಈ ಹಂತದಲ್ಲೇ ಹಿಂದೆ ಸರಿಯುತ್ತಾರೆ. ತಿಮೋತಿ ಸಾಲ್ಟ್‌ಹೌಸ್ ಎಂಬ ಮನಃಶಾಸ್ತ್ರಜ್ಞರು 1984ರಲ್ಲಿ 19ರಿಂದ 72 ವರ್ಷದವರೆಗಿನ ಟೈಪಿಸ್ಟ್‌ಗಳನ್ನು ಪರೀಕ್ಷಿಸಿದ್ದರು. ವಯಸ್ಸಾದವರು ಬೇರೆ ಪರೀಕ್ಷೆಗಳಲ್ಲಿ ಬೆರಳಾಡಿಸುವುದು ನಿಧಾನ, ಆದರೆ ಟೈಪಿಂಗ್ ವೇಗದಲ್ಲಿ ಹಿಂದೆ ಬಿದ್ದಿರಲಿಲ್ಲ. ಕಾರಣ, ಅವರು ಮುಂದಿನ ಅಕ್ಷರಗಳನ್ನು ಇನ್ನಷ್ಟು ದೂರದವರೆಗೆ ನೋಡಿಕೊಂಡು ಟೈಪ್ ಮಾಡುತ್ತಿದ್ದರು. ಅನುಭವ ಅಂದರೆ ಇದೇ ಅಲ್ವಾ? ನನಗೂ ಎಕ್ಸೆಲ್‌ನಲ್ಲಿ ಹೊಸ ಫಾರ್ಮುಲಾಗಳು ಬರುತ್ತಿರಲಿಲ್ಲ, ಆದರೆ ಕೊಟ್ಟ ಪಟ್ಟಿಯಲ್ಲಿ ಒಂದು ಬಿಲ್ ಎರಡು ಸಲ ಸೇರಿರುವುದನ್ನು ಕಂಡುಹಿಡಿದೆ. ಅವರು ಗಮನಿಸಿದ್ದು ಅದನ್ನೇ.

ಏಜೆನ್ಸಿಯಿಂದ ಬರುವ ಕೆಲಸದ ತೊಂದರೆ ಅದರ ಅನಿಶ್ಚಿತತೆ. ಯಾರೋ ರಜೆ ಹೋದರು, ವರ್ಷಾಂತ್ಯದ ಲೆಕ್ಕ ಮುಗಿಸಬೇಕು, ಸ್ಟಾಕ್ ಎಣಿಸಬೇಕು, ಆಗ ಹಿಂದಿನ ದಿನ ಸಂಜೆ ಫೋನ್ ಬರುತ್ತದೆ. ಆಮೇಲೆ ವಾರಗಟ್ಟಲೆ ಮೌನ. ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳುವ ಜವಾಬ್ದಾರಿ ಇರುವವರಿಗೆ ಇದು ಹೊಂದುವುದಿಲ್ಲ. ಸಹಿ ಹಾಕುವ ಮೊದಲು ಒಂದು ಕಲಂ ನೋಡಿ: ಕಳಿಸಿದ ಕಂಪನಿಯವರೇ ಮುಂದೆ ನಿಮ್ಮನ್ನು ನೇರವಾಗಿ ತೆಗೆದುಕೊಳ್ಳಲು ಇಷ್ಟಪಟ್ಟರೆ ಏಜೆನ್ಸಿ ಅಡ್ಡ ಬರುತ್ತದಾ, ಬಂದರೆ ಎಷ್ಟು ತಿಂಗಳು?

ಫ್ರೀಲ್ಯಾನ್ಸ್ ಸೈಟುಗಳು ಮತ್ತು ಆ್ಯಪ್ ಮೂಲಕ ಮಾಡುವ ಕೆಲಸದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ನನಗೆ ಅದು ಒಗ್ಗಲಿಲ್ಲ. ಬಹುಪಾಲು ಕಡೆ ಯಾರೂ ವಯಸ್ಸು ಕೇಳುವುದಿಲ್ಲ, ಅದು ದೊಡ್ಡ ಸಮಾಧಾನ. ಆದರೆ ಅಲ್ಲಿ ನಿಮ್ಮ ಮೂವತ್ತು ವರ್ಷಕ್ಕೂ ಬೆಲೆ ಇಲ್ಲ. ಆ ಸೈಟಿನೊಳಗೆ ಪಡೆದ ರೇಟಿಂಗ್‌ಗೆ ಮಾತ್ರ ಬೆಲೆ, ಹೊಸಬರ ಹತ್ತಿರ ಅದು ಇರುವುದಿಲ್ಲ. ಹಾಗಾಗಿ ಶುರುವಿನಲ್ಲಿ ತೀರಾ ಕಡಿಮೆ ದರಕ್ಕೆ ಒಪ್ಪಬೇಕಾಗುತ್ತದೆ, ಅದರಲ್ಲೂ ಕಮಿಷನ್ ಹೋಗುತ್ತದೆ, ಕೆಲಸಕ್ಕೆ ಅರ್ಜಿ ಬರೆಯುತ್ತಾ ಕೂತ ಗಂಟೆಗಳಿಗೆ ಯಾರೂ ಕೊಡುವುದಿಲ್ಲ. ಪಾಠ ಹೇಳಿಕೊಡುವವರು, ಅನುವಾದ ಮಾಡುವವರು, ಒಂದೆರಡು ಖಾಯಂ ಗಿರಾಕಿ ಸಿಗುವವರೆಗೆ ಕಾಯುವ ಶಕ್ತಿ ಇರುವವರು ಖಂಡಿತ ನೋಡಬಹುದು. ಡೆಲಿವರಿಯಂಥ ಮೈಮುರಿಯುವ ಕೆಲಸವಾದರೆ, ಬಿದ್ದು ಪೆಟ್ಟಾದರೆ ಖರ್ಚು ಯಾರದ್ದು ಅನ್ನೋದನ್ನು ಮೊದಲೇ ಬರಹದಲ್ಲಿ ನೋಡಿಕೊಳ್ಳಿ.

ಈಗ ಪರಿಚಯದ ದಾರಿ. 'ಪರಿಚಯದವರಿಗೆ ಹೇಳಿಡಿ' ಅಂತ ಎಲ್ಲರೂ ಹೇಳುತ್ತಾರೆ, ಯಾರಿಗೆ, ಹೇಗೆ ಅಂತ ಹೇಳುವುದಿಲ್ಲ. ನಾನು ಮೊದಲು ಹತ್ತಿರದ ಸ್ನೇಹಿತರಿಗೆ, ನೆಂಟರಿಗೆ ಹೇಳಿದೆ. ಈ ವಯಸ್ಸಲ್ಲಿ ಯಾಕೆ, ಆರಾಮಾಗಿರಿ ಅಂದರು. ಪ್ರೀತಿಯಿಂದಲೇ ಹೇಳಿದ್ದು, ಆದರೆ ಕೆಲಸ ಅಲ್ಲಿಂದ ಬರಲಿಲ್ಲ. ಬಂದದ್ದು ಎಷ್ಟೋ ವರ್ಷ ಮಾತೇ ಆಡದಿದ್ದ ಹಳೆಯ ಸಹೋದ್ಯೋಗಿಯೊಬ್ಬರಿಂದ. ಇದು ನನ್ನೊಬ್ಬರ ಅನುಭವ ಅಲ್ಲ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲಿ ಇದನ್ನೇ ತೋರಿಸಿದ್ದರು. ಪರಿಚಯದ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದಾಗ, ಆಗಾಗ ಭೇಟಿಯಾಗುವವರಿಂದ ಕೆಲಸ ತಿಳಿದವರು ಆರರಲ್ಲಿ ಒಬ್ಬರಷ್ಟೇ. ಅರ್ಧಕ್ಕಿಂತ ಜಾಸ್ತಿ ಜನರಿಗೆ ಸುದ್ದಿ ಬಂದಿದ್ದು ಯಾವಾಗಲೋ ಒಮ್ಮೆ ಸಿಗುವವರಿಂದ, ಉಳಿದವರಿಗೆ ತೀರಾ ಅಪರೂಪಕ್ಕೆ ಸಿಗುವವರಿಂದ. ಹತ್ತಿರದವರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ಬಳಗದಲ್ಲಿ ಇರುತ್ತಾರೆ, ಅಲ್ಲಿನ ಸುದ್ದಿ ಬೇರೆ.

ಹಳೆಯ ಡೈರಿ, ಫೋನ್ ನಂಬರ್, ಲಿಂಕ್ಡ್‌ಇನ್ ಎಲ್ಲ ತೆರೆದು ಹಳೆಯ ಸಹೋದ್ಯೋಗಿಗಳು, ವ್ಯವಹಾರ ಮಾಡಿದ್ದ ಸಪ್ಲೈಯರ್‌ಗಳು, ನಮ್ಮ ಹತ್ತಿರ ಕೆಲಸ ಕಲಿತ ಕಿರಿಯರು ಇವರಿಗೆ ಬರೆದೆ. ಕಿರಿಯರನ್ನು ಮಾತ್ರ ಬಿಡಬೇಡಿ, ಈಗ ಕೆಲಸಕ್ಕೆ ಜನ ತೆಗೆದುಕೊಳ್ಳುವ ಜಾಗದಲ್ಲಿ ಇರುವವರು ಅವರೇ. 'ಏನಾದ್ರೂ ಕೆಲಸ ಇದ್ದರೆ ಹೇಳಿ' ಅಂತ ಬರೆದರೆ ಓದಿದವರಿಗೆ ಏನು ನೆನಪಿಟ್ಟುಕೊಳ್ಳಬೇಕು ಅಂತ ಗೊತ್ತಾಗುವುದಿಲ್ಲ. ನಾನು ಹೀಗೆ ಬರೆದೆ: 'ವಾರಕ್ಕೆ ಮೂರ್ನಾಲ್ಕು ದಿನ, ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ, ಬಿಲ್, ಬ್ಯಾಂಕ್ ತಾಳೆ, ಬಾಕಿ ವಸೂಲಿ ಪಟ್ಟಿ ಇಂಥ ಕೆಲಸ ಮಾಡಿಕೊಡುತ್ತೇನೆ. ಪೂರ್ತಿ ದಿನಕ್ಕೆ ಜನ ಇಟ್ಟುಕೊಳ್ಳಲು ಆಗದ ಸಣ್ಣ ಸಂಸ್ಥೆ ಯಾವುದಾದರೂ ಗೊತ್ತಿದ್ದರೆ ನನ್ನ ನಂಬರ್ ಕೊಡಿ.' ಕೊನೆಯ ಸಾಲು ಮುಖ್ಯ. ಅವರನ್ನೇ ಕೆಲಸ ಕೇಳುತ್ತಿಲ್ಲ, ಹಾಗಾಗಿ ಅವರಿಗೂ ಮುಜುಗರ ಇಲ್ಲ.

ಈ ದಾರಿಯ ತೊಂದರೆ ಬೇರೆ ಥರ. ಪರಿಚಯ ಇದ್ದಲ್ಲಿ ಸಂಬಳದ ಮಾತು ಆಡಲು ಸಂಕೋಚ. ನಾಲ್ಕು ಗಂಟೆ ಅಂತ ಹೋದದ್ದು 'ಸ್ವಲ್ಪ ಇದೊಂದು ನೋಡಿಬಿಡಿ' ಅಂತ ಆರಾಗುತ್ತದೆ. ಹಳೆಯ ಆಫೀಸಿಗೇ ಮತ್ತೆ ಹೋದರೆ ಇದು ಇನ್ನೂ ಜಾಸ್ತಿ. ದಿನ, ಗಂಟೆ, ದರ, ಹೆಚ್ಚು ಕೂತರೆ ಏನು ಅನ್ನೋದನ್ನು ಮೊದಲ ವಾರವೇ ಒಂದು ಇಮೇಲ್‌ನಲ್ಲಿ ಬರೆದು ಕಳಿಸಿ. ದರ ಮಾತಾಡುವಾಗ ಕಾರ್ಮಿಕ ಸಂಸ್ಥೆಯ 1994ರ 175ನೇ ಒಪ್ಪಂದ ನೆನಪಿರಲಿ. ಪಾರ್ಟ್ ಟೈಮ್ ಅನ್ನೋ ಒಂದೇ ಕಾರಣಕ್ಕೆ, ಅದೇ ಕೆಲಸ ಮಾಡುವ ಪೂರ್ಣಾವಧಿಯವರಿಗಿಂತ ಗಂಟೆಯ ಲೆಕ್ಕದಲ್ಲಿ ಮೂಲವೇತನ ಕಡಿಮೆ ಇರಬಾರದು ಅನ್ನೋದು ಅದರ ತಿರುಳು. ಅಂಗೀಕರಿಸದ ದೇಶಗಳಲ್ಲಿ ಇದು ಕಾನೂನಲ್ಲ. ಆದರೂ ಪೂರ್ಣಾವಧಿಯವರ ಸಂಬಳವನ್ನು ಗಂಟೆಗೆ ಭಾಗಿಸಿ ನೋಡಿದರೆ ನಿಮಗೆ ಹೇಳುತ್ತಿರುವ ಮೊತ್ತ ನ್ಯಾಯವಾ ಅಂತ ಕೂಡಲೇ ತಿಳಿಯುತ್ತದೆ.

ಕೊನೆಯದು, ನೇರ ಭೇಟಿ. ಅಂಗಡಿ, ಕ್ಲಿನಿಕ್, ಟ್ಯೂಷನ್ ಸೆಂಟರ್, ಶಾಲೆಯ ಆಫೀಸು, ಇಂಥ ಕಡೆ ಒಳಗೆ ಹೋಗಿ ಕೇಳುವುದು. ಹಳೇ ಕಾಲದ ಪದ್ಧತಿ ಅನಿಸಬಹುದು, ಆದರೆ ನನಗೆ ಪರಿಚಯದ ದಾರಿಯ ನಂತರ ಜಾಸ್ತಿ ಫಲ ಕೊಟ್ಟದ್ದು ಇದೇ. ಸಣ್ಣ ಜಾಗದವರು ಎಷ್ಟೋ ಸಲ ಜಾಹೀರಾತೇ ಕೊಡುವುದಿಲ್ಲ. ಇರುವ ಒಬ್ಬರು ಬಿಟ್ಟು ಹೋದಾಗ ಪರದಾಡುತ್ತಾರೆ. ಅಂಥ ಹೊತ್ತಿನಲ್ಲಿ ಶಾಂತವಾಗಿ ಮಾತಾಡುವ, ಸಮಯಕ್ಕೆ ಬರುವಂತೆ ಕಾಣುವ ಹಿರಿಯರೊಬ್ಬರು ಎದುರಿಗೆ ನಿಂತರೆ ವಯಸ್ಸೇ ಅನುಕೂಲವಾಗುತ್ತದೆ. ಗಿರಾಕಿಗಳ ಗಲಾಟೆ ಇಲ್ಲದ ಹೊತ್ತಿಗೆ ಹೋಗಿ, ಯಜಮಾನರು ಅಥವಾ ಮ್ಯಾನೇಜರನ್ನೇ ಕೇಳಿ, ಅರ್ಧ ಪುಟದ ಹಾಳೆ ಕೊಟ್ಟು ಬನ್ನಿ. ಅದರಲ್ಲಿ ಹೆಸರು, ಫೋನ್, ಬರುವ ಕೆಲಸ, ಬರಲು ಆಗುವ ದಿನ ಮತ್ತು ಗಂಟೆ ಇದ್ದರೆ ಸಾಕು. ಮುಖದ ಮೇಲೆ ಇಲ್ಲ ಅನ್ನಿಸಿಕೊಳ್ಳುವುದು ನೋವಿನದ್ದೇ. ಆದರೆ ಪೋರ್ಟಲ್‌ನಲ್ಲಿ ಉತ್ತರವೇ ಬರದೆ ಕಾಯುವುದಕ್ಕಿಂತ ಇದು ನನಗೆ ಹಗುರ ಅನಿಸಿತು. ಕೆಲವರು ಇಲ್ಲ ಅಂದು, ಪಕ್ಕದವರನ್ನು ಕೇಳಿ ನೋಡಿ ಅಂತ ದಾರಿ ತೋರಿಸಿದರು.

ಇಲ್ಲಿ ನೋಡಬೇಕಾದದ್ದು ದೇಹಕ್ಕೆ ಬೀಳುವ ಭಾರ. ಕೌಂಟರಿನ ಹಿಂದೆ ಕುರ್ಚಿ ಇದೆಯಾ, ಎಷ್ಟು ಹೊತ್ತು ನಿಲ್ಲಬೇಕು, ಪೆಟ್ಟಿಗೆ ಎತ್ತುವುದು ಇದೆಯಾ ಅಂತ ಸಂಕೋಚವಿಲ್ಲದೆ ಕೇಳಿ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಅನ್ನೋ ಕೆಲಸ ಕಾಗದದ ಮೇಲೆ ನಾಲ್ಕೇ ಗಂಟೆ, ಆದರೆ ಓಡಾಟ ಎರಡು ಪಟ್ಟು, ಇಡೀ ದಿನ ಅದಕ್ಕೇ ಹೋಗುತ್ತದೆ.

ನಾನೀಗ ಹಳೆಯ ಸಹೋದ್ಯೋಗಿ ಹೇಳಿ ಕಳಿಸಿದ ಒಂದು ಸಣ್ಣ ಆಫೀಸಿನಲ್ಲಿ ಬೆಳಗಿನ ಹೊತ್ತು ಲೆಕ್ಕ ನೋಡುತ್ತೇನೆ. ಏಜೆನ್ಸಿಯಲ್ಲಿ ಹೆಸರು ಹಾಗೇ ಇದೆ, ರಜೆಯ ಬದಲಿ ಕೆಲಸ ಬಂದರೆ ಮತ್ತು ನನಗೆ ಆಗುವಂತಿದ್ದರೆ ಹೋಗುತ್ತೇನೆ. ಹೊಸದಾಗಿ ಶುರು ಮಾಡುವವರು ಹುಡುಕಾಟದ ಅರ್ಧ ಸಮಯವನ್ನು ದೂರದ ಪರಿಚಯದವರಿಗೆ ಬರೆಯಲು, ಉಳಿದದ್ದರಲ್ಲಿ ಹೆಚ್ಚಿನದ್ದನ್ನು ನೇರ ಭೇಟಿಗೆ ಇಡಿ. ಫೀಸ್ ಕೇಳದ ಒಂದೆರಡು ಏಜೆನ್ಸಿಯಲ್ಲಿ ಹೆಸರು ಬರೆಸಿ. ಪೋರ್ಟಲ್‌ಗೆ ವಾರದಲ್ಲಿ ಒಂದು ಸಂಜೆ ಸಾಕು. ಪಿಂಚಣಿ ಬರುತ್ತಿರುವವರು ಒಪ್ಪಿಕೊಳ್ಳುವ ಮೊದಲು ಒಂದು ವಿಷಯ ವಿಚಾರಿಸಿ: ಕೆಲವು ದೇಶಗಳಲ್ಲಿ, ಕೆಲವು ಬಗೆಯ ಪಿಂಚಣಿಗಳಲ್ಲಿ, ಹೊರಗಿನ ಸಂಪಾದನೆ ಒಂದು ಮಿತಿ ದಾಟಿದರೆ ಪಿಂಚಣಿ ಕಡಿತವಾಗುತ್ತದೆ. ಆ ಮಿತಿ ನಿಮಗೆ ಅನ್ವಯಿಸುವುದಾದರೆ ವಾರಕ್ಕೆ ಎಷ್ಟು ಗಂಟೆ ಕೇಳಬೇಕು ಅನ್ನೋದನ್ನು ಅದರಿಂದಲೇ ಲೆಕ್ಕ ಹಾಕಿಕೊಳ್ಳಿ.