ಚಿತ್ರಸಂತೆ, ವೈನ್ ಸಂಜೆ, ಸಹಾಯಾರ್ಥ ಯಕ್ಷಗಾನ: ನನ್ನ 15,700 ರೂಪಾಯಿಯ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಚಿತ್ರಸಂತೆಗೆ. ಉಳಿದೆರಡರಲ್ಲಿ ಒಂದು ಕೈ ಸುಟ್ಟಿತು, ಇನ್ನೊಂದು ನಿದ್ದೆಗೆಡಿಸಿದರೂ ಖುಷಿ ಕೊಟ್ಟಿತು. ಸುಟ್ಟ ಕೈಯ ಕಥೆಯೇ ಇಲ್ಲಿ ಜಾಸ್ತಿ ಇದೆ, ಬೇಸರಪಡಬೇಡಿ.

ಚಿತ್ರ, ನಾಟಕ, ದಾನ ಅಂತ ವರ್ಷಕ್ಕೆ 15,000 ರೂಪಾಯಿ ಎತ್ತಿಡುವುದು ನಮ್ಮನೆಯ ರೂಢಿ. ಗಂಡನಿಗೆ ಇದು ದುಂದು, ನನಗೆ ಇದೇ ಬೋನಸ್. 2025ರಲ್ಲಿ ಈ ಗಂಟು, ಮೇಲೆ ಇನ್ನೊಂದು 700 ಸೇರಿ, ಬೆಂಗಳೂರಿನ ಮೂರು ಕಡೆ ಕರಗಿತು. ಜನವರಿ 5ರಂದು ಕುಮಾರಕೃಪಾ ರಸ್ತೆಯ ಚಿತ್ರಸಂತೆ. ಫೆಬ್ರವರಿಯಲ್ಲಿ ಒಂದು ಸ್ಟಾರ್ ಹೋಟೆಲಿನಲ್ಲಿ ಚಿತ್ರ ನೋಡಿ, ವೈನ್ ಕುಡಿದು, ಮಕ್ಕಳ ಓದಿಗೆ ನೆರವಾಗುವ ಸಂಜೆ. ಜುಲೈನಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ಸಹಾಯಾರ್ಥ ಯಕ್ಷಗಾನ. ಮೂರರಲ್ಲೂ ಕಲೆ ಇತ್ತು, ಎರಡರಲ್ಲಿ ದಾನ ಇತ್ತು, ಒಂದರಲ್ಲಿ ಮಾತ್ರ ವೈನ್.

ಚಿತ್ರಸಂತೆ ಏನು ಎತ್ತ ಅಂತ ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಚಿತ್ರಕಲಾ ಪರಿಷತ್ತು 2004ರಿಂದ ನಡೆಸುತ್ತಿರುವ ಸಂತೆ, ಪ್ರವೇಶಕ್ಕೆ ದುಡ್ಡಿಲ್ಲ, ಒಂದೇ ದಿನ, ಸಾವಿರಕ್ಕೂ ಮಿಕ್ಕಿದ ಕಲಾವಿದರು. 'ಮನೆಗೊಂದು ಕಲಾಕೃತಿ' ಎನ್ನುವ ಅವರ ಮಾತನ್ನು ನಾನು ಸ್ವಲ್ಪ ಅತಿಯಾಗಿಯೇ ನಂಬಿದ್ದೇನೆ. ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಈಗ ಏಳು ಚಿತ್ರಗಳಿವೆ. ಮೊಳೆ ಹೊಡೆಯಬೇಡಿ ಅಂತ ಮಾಲೀಕರು ಎರಡು ಸಲ ಹೇಳಿದ್ದಾರೆ.

ನಾನು ಸಂಪಿಗೆ ರಸ್ತೆ ಮೆಟ್ರೋದಲ್ಲಿ ಇಳಿದು ಶೇಷಾದ್ರಿಪುರಂ ದಾಟಿ ನಡೆದುಕೊಂಡೇ ಹೋಗುವವಳು. ಎಂಟೂವರೆಗೆಲ್ಲ ಅಲ್ಲಿರಬೇಕು. ಕಲಾವಿದರು ಇನ್ನೂ ಚಿತ್ರಗಳನ್ನು ಬೇಲಿಗೆ, ಗೋಡೆಗೆ ಒರಗಿಸುತ್ತಿರುತ್ತಾರೆ, ಚಹಾ ಕುಡಿಯುತ್ತಿರುತ್ತಾರೆ, ಮಾತಿಗೆ ಸಿಗುತ್ತಾರೆ. ಹನ್ನೊಂದರ ಮೇಲೆ ಹೋದವರಿಗೆ ಚಿತ್ರಗಳಿಗಿಂತ ಮುಂದಿನವರ ಬೆನ್ನೇ ಹೆಚ್ಚು ಕಾಣುವುದು. ಆ ಜನದಲ್ಲಿ ಮೊಬೈಲಿನ ಸಿಗ್ನಲ್ಲೂ ಸಾಯುತ್ತದೆ. ಹಿಂದೊಮ್ಮೆ ಫೋನು ಮೇಲೆತ್ತಿಕೊಂಡು ರಸ್ತೆಯ ನಡುವೆ ಹತ್ತು ನಿಮಿಷ ನಿಂತು, ದುಡ್ಡು ಹೋಗದೆ, ಒಂದು ಒಳ್ಳೆಯ ಜಲವರ್ಣ ಕೈತಪ್ಪಿತ್ತು. ಅವತ್ತಿನಿಂದ ನಗದು ಒಯ್ಯುತ್ತೇನೆ, ಅದೂ 200ರ ನೋಟುಗಳಲ್ಲಿ.

ಈ ಸಲ ಗೇಟಿನಿಂದ ಸ್ವಲ್ಪ ದೂರದಲ್ಲಿ ಚಿತ್ತಾರ ಕಂಡು ಕಾಲು ನಿಂತಿತು. ನಾನು ಸಾಗರದ ಕಡೆಯವಳು, ದೀವರ ಮನೆ. ಹಸೆಗೋಡೆ ಚಿತ್ತಾರ ಅಂದರೆ ನಮಗೆ ಕಲೆ ಅಲ್ಲ, ಮದುವೆಮನೆಯ ಕೆಲಸ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆಯ ಹಳದಿ. ಕುಂಚ ಪುಂಡಿ ನಾರಿನದು. ಅಜ್ಜಿ ಉಸಿರು ಹಿಡಿದು ಗೆರೆ ಎಳೆಯುತ್ತಿದ್ದಳು, ನಡುವೆ ಯಾರೂ ಮಾತಾಡಿಸುವ ಹಾಗಿರಲಿಲ್ಲ. ಅದೇ ಗೆರೆ ಈಗ ಬಟ್ಟೆಯ ಮೇಲೆ, 3,800 ರೂಪಾಯಿಗೆ. ಚೌಕಾಸಿ ಮಾಡಲಿಲ್ಲ. ಬರೆದ ಹೆಂಗಸೇ ಎದುರಿಗಿದ್ದಾಗ ನನಗೆ ಬಾಯಿ ಬರುವುದಿಲ್ಲ. ಆಕೆ ನಮ್ಮ ಮನೆ ಹೆಸರು ಕೇಳಿ, ನಮ್ಮೂರಿನ ಯಾರದೋ ಮದುವೆಗೆ ಬಂದಿದ್ದ ನೆನಪು ತೆಗೆದು, ಕೊನೆಗೆ ಒಂದು ಪುಟ್ಟ ಭೂಮಣ್ಣಿ ಬುಟ್ಟಿಯ, ಅಂದರೆ ಭೂಮಿ ಹುಣ್ಣಿಮೆಗೆ ಹೊಲಕ್ಕೆ ಒಯ್ಯುವ ಬುಟ್ಟಿಯ, ಚಿತ್ರವನ್ನು ಮೇಲೆ ಇಟ್ಟುಕೊಟ್ಟಳು. ಇನ್ನೊಬ್ಬ ಹುಡುಗನ ಹತ್ತಿರ ಮಳೆಯಲ್ಲಿ ನೆಂದ ಅವೆನ್ಯೂ ರಸ್ತೆಯ ಜಲವರ್ಣ, 1,000. ಒಟ್ಟು 4,800.

ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ. "ಗೋಡೆ ಮೇಲೆ ಪುಕ್ಕಟೆ ಬರೀತಿದ್ದದ್ದನ್ನ ದುಡ್ಡು ಕೊಟ್ಟು ತಂದ್ಯನೇ?" ಅಂದಳು. ಆಮೇಲೆ ಫೋನು ಹತ್ತಿರ ಹಿಡಿಯಲು ಹೇಳಿ, ಮೂಲೆಯ ಎಳೆಗಳನ್ನು ಎಣಿಸಿ, ಒಂದು ಕಡಿಮೆ ಇದೆ ಅಂತ ತಪ್ಪನ್ನೂ ಹುಡುಕಿದಳು.

ಈಗ ವೈನ್ ಸಂಜೆ.

ಟಿಕೆಟ್ ತಲೆಗೆ 4,500. ಗಂಡ ಹೆಂಡತಿ ಸೇರಿ 9,000, ಅಂದರೆ ವರ್ಷದ ಗಂಟಿನ ಅರ್ಧಕ್ಕಿಂತ ಮೇಲೆ. ನಾನು ಅಷ್ಟು ಸುಲಭಕ್ಕೆ ಬೀಳುವವಳಲ್ಲ, ಲೆಕ್ಕ ಬರೆಯುವುದೇ ನನ್ನ ಹೊಟ್ಟೆಪಾಡು. ಆದರೆ ವಾಟ್ಸಾಪಿನಲ್ಲಿ ಬಂದ ಪೋಸ್ಟರಿನ ಕೆಳಗೆ, ದ್ರಾಕ್ಷಿಗೊಂಚಲಿನ ಪಕ್ಕದಲ್ಲಿ, '80ಜಿ ಅಡಿ ತೆರಿಗೆ ವಿನಾಯಿತಿ ಇದೆ' ಎಂದಿತ್ತು. 80ಜಿ ಅಂದರೆ ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡುತ್ತಿದ್ದ ಆಗಿನ ಕಲಮು. ಊಟವೂ ಆಯಿತು, ಪುಣ್ಯವೂ ಆಯಿತು, ತೆರಿಗೆಯಲ್ಲೂ ಒಂದಿಷ್ಟು ಉಳಿಯಿತು ಎಂಬ ಆಸೆ. ಆಸೆಬುರುಕಿ ಅನ್ನಿ.

ವೈನ್ ಬಗ್ಗೆ ದೂರಿಲ್ಲ. ನಮ್ಮ ನಂದಿಬೆಟ್ಟದ ಸೆರಗಿನಲ್ಲೇ, ದೊಡ್ಡಬಳ್ಳಾಪುರದ ಕಡೆ ಬೆಳೆದ ದ್ರಾಕ್ಷಿಯದು. ಕೆಂಪು ವೈನು ನನ್ನ ನಾಲಿಗೆಗೆ ನೇರಳೆಹಣ್ಣು ತಿಂದ ಹಾಗೆ ಒಗರೊಗರು. ನನಗೆ ಹಿಡಿಸುವುದು ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡುವ ಸಿಹಿ ಪೋರ್ಟ್. ಇದನ್ನು ಅಲ್ಲಿ ಹೇಳಿದಾಗ ಪಕ್ಕದ ಮೇಜಿನವರು ಮೆಲ್ಲಗೆ ಕುರ್ಚಿ ಸರಿಸಿದರು. ಚಿತ್ರಗಳು ಹನ್ನೆರಡು ಇದ್ದವು, ಬಫೆ ಸಾಲಿನ ಹಿಂದೆ. ಪನೀರಿಗೆ ಕಾಯುವಾಗ ನೋಡಬಹುದಿತ್ತು. ಬರೆದವರು ಒಬ್ಬರೂ ಬಂದಿರಲಿಲ್ಲ. ಒಂದು ನಿಸರ್ಗ ಚಿತ್ರದ ಬೆಲೆ ಕೇಳಿದ್ದಕ್ಕೆ 'ಚೀಟಿಯಲ್ಲಿ ನಿಮ್ಮ ಮೊತ್ತ ಬರೆಯಿರಿ' ಎಂದರು. ನಾನು 2,500 ಬರೆದೆ. ನನ್ನ ಮೇಲಿನ ಸಾಲಿನಲ್ಲಿ 40,000 ಇತ್ತು. ಚೀಟಿ ಮಡಚಿಟ್ಟು ಜಾಮೂನಿನ ಕಡೆ ನಡೆದೆ.

ಒಂಬತ್ತೂವರೆಗೆ ನೆರವು ಪಡೆಯುವ ಮಕ್ಕಳನ್ನು ವೇದಿಕೆಗೆ ಕರೆದು ಹಾಡಿಸಿದರು. ಆ ಹೊತ್ತಿಗೆ ಅರ್ಧ ಮೇಜುಗಳಲ್ಲಿ ಮೂರನೇ ಸುತ್ತು ನಡೆದಿತ್ತು. ಒಂದು ಪುಟ್ಟ ಹುಡುಗಿ ಹಾಡುತ್ತಲೇ ಆಕಳಿಸಿತು. ಗಂಡ ಲೋಟ ಕೆಳಗಿಟ್ಟ, ಮತ್ತೆ ಮುಟ್ಟಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ಶುರುವಾದದ್ದು ರಸೀದಿಯ ಕಾಟ.

ಮಾರ್ಚ್ ಮೊದಲ ವಾರ ಈಮೇಲ್ ಬಂತು. ಬಿಚ್ಚಿ ನೋಡಿದರೆ ದಾನದ ರಸೀದಿ ಅಲ್ಲ, ಕಾರ್ಯಕ್ರಮ ನಡೆಸಿಕೊಟ್ಟ ಕಂಪನಿಯ ಬಿಲ್ಲು. 9,000ದ ಒಳಗೇ 18% ಜಿಎಸ್‌ಟಿ ಸೇರಿಸಿ ಬರೆದಿದ್ದರು. ದಾನಕ್ಕೆ ಜಿಎಸ್‌ಟಿ ಎಲ್ಲಿಂದ ಬಂತು ಎಂದು ಫೋನು ಮಾಡಿದೆ. ಅತ್ತಲಿನ ಹುಡುಗ ಬಹಳ ವಿನಯದಿಂದ "ಮೇಡಂ, ನೀವು ತಗೊಂಡದ್ದು ಟಿಕೆಟ್" ಎಂದ. ನ್ಯಾಯವೇ. ಊಟ, ವೈನು ತಗೊಂಡು ಕೊಟ್ಟ ದುಡ್ಡು ಕಾನೂನಿನ ಕಣ್ಣಿಗೆ ದಾನವಲ್ಲ, ಖರೀದಿ. ಆಫೀಸಿನಲ್ಲಿ ಯಾರಾದರೂ ಕೇಳಿದ್ದರೆ ನಾನೇ ಹೀಗೆ ಹೇಳುತ್ತಿದ್ದೆ. ಹಾಗಾದರೆ ಪೋಸ್ಟರಿನಲ್ಲಿ ಬರೆದದ್ದು? "ಅದು ಟ್ರಸ್ಟಿನವರನ್ನ ಕೇಳಿ."

ಟ್ರಸ್ಟಿನವರು ಎರಡು ವಾರ ಬಿಟ್ಟು ಸಿಕ್ಕರು. ಖರ್ಚು ಕಳೆದು ಉಳಿದದ್ದನ್ನು ತಲೆಗಿಷ್ಟು ಎಂದು ಹಂಚಿ, ನಮ್ಮಿಬ್ಬರದೂ ಸೇರಿಸಿ ನನ್ನ ಹೆಸರಿಗೆ 1,240 ರೂಪಾಯಿ ದಾನ ಎಂದು ಬರೆದುಕೊಡುತ್ತೇವೆ ಎಂದರು. ನನ್ನ 9,000ದಲ್ಲಿ ಮಕ್ಕಳಿಗೆ ಮುಟ್ಟಿದ್ದು 1,240! ಉಳಿದದ್ದು ಹೋಟೆಲಿಗೆ, ದೀಪಗಳಿಗೆ, ಸಿನಿಮಾ ನಟಿಯನ್ನು ನೋಡಿ ಹತ್ತು ಸಲ 'ವಾವ್' ಎಂದ ನಿರೂಪಕನಿಗೆ. ರಸೀದಿ ಬಂತು, ಪ್ಯಾನ್ ಸಂಖ್ಯೆಯಲ್ಲಿ ಒಂದು ಅಕ್ಷರ ತಪ್ಪು. ಸರಿಪಡಿಸಿ ಎಂದೆ. ಬರೀ ರಸೀದಿ ಆಗ ನಡೆಯುತ್ತಿರಲಿಲ್ಲ, ಸಂಸ್ಥೆ ಮೇ 31ರೊಳಗೆ ದಾನಿಗಳ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಬೇಕಿತ್ತು, ಆಮೇಲೆ 10ಬಿಇ ಎನ್ನುವ ಪ್ರಮಾಣಪತ್ರ ಕೊಡಬೇಕಿತ್ತು, ಅದರಲ್ಲಿ ಪ್ಯಾನ್ ಸರಿಯಿರಬೇಕಿತ್ತು. ಇದನ್ನು ನಾನು ಅವರಿಗೆ ವಿವರಿಸಿದೆ, ಅವರು ಕೇಳಿ ಬರೆದುಕೊಂಡರು. ಏಪ್ರಿಲ್‌ನಲ್ಲಿ ನಾಲ್ಕು ಫೋನು, ಮೇನಲ್ಲಿ ಮೂರು ಈಮೇಲ್. ಜೂನ್‌ನಲ್ಲಿ ಪ್ರಮಾಣಪತ್ರ ಬಂತು, ಪ್ಯಾನ್ ಸರಿಯಾಗಿತ್ತು, ಹೆಸರು ಗಂಡನದಾಗಿತ್ತು.

ಅದನ್ನೂ ತಿದ್ದಿಸಿದೆ. ಗೆದ್ದೆ ಅಂತ ಪ್ರಿಂಟ್ ತೆಗೆದು ಫೈಲಿಗೆ ಹಾಕುವಾಗ ಗಂಡ ಪೇಪರಿನಿಂದ ತಲೆ ಎತ್ತದೆ ಕೇಳಿದ: "ನೀನು ಹೊಸ ತೆರಿಗೆ ಪದ್ಧತಿ ತಗೊಂಡಿದ್ದೀಯಲ್ಲ?"

ಹೌದು, ತಗೊಂಡಿದ್ದೆ. ಹೊಸ ಪದ್ಧತಿಯಲ್ಲಿ 80ಜಿ ಸಿಗುವುದಿಲ್ಲ. ಆಫೀಸಿನಲ್ಲಿ ಬೋರ್ಡಿನ ಮೇಲೆ ಬರೆದು ಇದನ್ನು ಎಲ್ಲರಿಗೂ ವಿವರಿಸಿದವಳೇ ನಾನು. ಹಳೆಯ ಪದ್ಧತಿಯಲ್ಲೇ ಇದ್ದಿದ್ದರೂ 1,240ರ ಅರ್ಧಕ್ಕೆ ವಿನಾಯಿತಿ, ಅದರ ಮೇಲೆ ಉಳಿಯುವ ತೆರಿಗೆ ನಾನು ಮಾಡಿದ ಫೋನುಗಳ ಹೊತ್ತಿಗೂ ಸಾಲದು. ಆ ಪ್ರಮಾಣಪತ್ರ ಈಗಲೂ ಫೈಲಿನಲ್ಲಿದೆ.

ಇದರರ್ಥ ವೈನೇ ಬೇಡ ಅಂತಲ್ಲ. ರುಚಿ ನೋಡಬೇಕಿದ್ದರೆ ಫೆಬ್ರವರಿ, ಮಾರ್ಚ್‌ನಲ್ಲಿ, ಗೊಂಚಲು ಕೊಯ್ಯುವ ಹೊತ್ತಿಗೆ, ಸೀದಾ ತೋಟಕ್ಕೆ ಹೋಗಿ. ಪೀಪಾಯಿ, ನೆಲಮಾಳಿಗೆ ಎಲ್ಲ ತೋರಿಸುತ್ತಾರೆ, ಯಾರೂ ಭಾಷಣ ಮಾಡುವುದಿಲ್ಲ. ಕಾರು ಓಡಿಸುವವರು ಒಬ್ಬರು ಕುಡಿಯದೆ ಇರಬೇಕು ಎಂಬುದೊಂದೇ ತಕರಾರು. ನಮ್ಮನೆಯಲ್ಲಿ ಅದು ಯಾರು ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಮೂರನೆಯದು ಯಕ್ಷಗಾನ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಬೆಂಗಳೂರಿಗೆ ಬರುತ್ತಾರೆ, ಊರಿನ ಕಡೆಯವರು ಸೇರಿ ಆಟ ಕಟ್ಟುತ್ತಾರೆ. ಸಹಾಯಾರ್ಥ ಎಂದರೆ ಟಿಕೆಟ್ ಪುಸ್ತಕ ಹಿಡಿದು ಪರಿಚಯದವರ ಮನೆಬಾಗಿಲಿಗೆ ಬರುವುದು. ನಮಗೂ ಬಂದರು. 300ರ ಮೂರು ಟಿಕೆಟ್, ಸ್ಮರಣ ಸಂಚಿಕೆಗೆ 1,000, ಒಟ್ಟು 1,900. ರಸೀದಿ? ಇಂಗಾಲದ ಹಾಳೆ ಇಟ್ಟು ಬರೆದ ತೆಳು ನೀಲಿ ಚೀಟಿ, ಅಲ್ಲೇ ಹರಿದು ಕೊಟ್ಟರು. 80ಜಿ ಅಂತ ಯಾರೂ ಆಸೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ಹಣ ಒಬ್ಬ ಹಿರಿಯ ಕಲಾವಿದರ ಚಿಕಿತ್ಸೆಗೆ. ಸನ್ಮಾನ ಒಂದು ಗಂಟೆ ಎಳೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಮತ್ತೆ ಶಾಲು. ನಮ್ಮವರಿಗೆ ಮೈಕು ಸಿಕ್ಕರೆ ಕೌರವನೂ ಕಾಯಬೇಕು. ನನ್ನ ಹತ್ತು ವರ್ಷದ ಮಗ ತೊಡೆಯ ಮೇಲೆ ಮಲಗಿಬಿಟ್ಟ, ಚೆಂಡೆ ಬಿದ್ದೊಡನೆ ಎದ್ದು ಕುಳಿತ. ಪರಿಚಯದವರ ಜೊತೆ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಹೋಗಿದ್ದೆ. ಆ ಹಿರಿಯರು ವೇದಿಕೆಯ ಕುರ್ಚಿ ಬಿಟ್ಟು ಅಲ್ಲಿ ಬಂದು ಕೂತಿದ್ದರು. ಹುಡುಗನೊಬ್ಬ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಿದ್ದ. ಇವರು ಸುಮ್ಮನೆ ನೋಡುತ್ತಾ ಇದ್ದು, ಒಮ್ಮೆ ಕೈ ಚಾಚಿ ಹುಬ್ಬಿನ ಗೆರೆಯನ್ನು ಬೆರಳಿನಿಂದ ತುಸು ಮೇಲಕ್ಕೆ ಎಳೆದರು. ಹುಡುಗ ಹಾಗೇ ಬಿಟ್ಟುಕೊಂಡ.

ದಾನಕ್ಕೆ ಮಾತ್ರ ಹೋಲಿಸಿದರೆ ಯಕ್ಷಗಾನವೇ ಮೇಲು, ದುಡ್ಡು ಯಾರ ಕೈ ಸೇರಿತು ಎಂದು ಕಣ್ಣಿಗೆ ಕಂಡಿತು. ಆದರೂ ಮೊದಲ ಸ್ಥಾನ ಚಿತ್ರಸಂತೆಗೇ ಕೊಡುತ್ತೇನೆ, ಅದಕ್ಕೆ ಕಾರಣ ನನ್ನ ಬುದ್ಧಿ. ನನಗೆ ಮನೆಗೆ ಏನಾದರೂ ತರಬೇಕು. ರಾತ್ರಿ ಎರಡರವರೆಗೆ ಎಚ್ಚರವಿದ್ದರೆ ಮರುದಿನ ಲೆಕ್ಕದಲ್ಲಿ ಸೊನ್ನೆ ಹೆಚ್ಚುಕಡಿಮೆ ಆಗುತ್ತದೆ. ಜನರ ನಡುವೆ ಬೆಳಿಗ್ಗೆ ಒಬ್ಬಳೇ ನಡೆಯುವುದು ಇಷ್ಟ. ನೀವು ನಾಲ್ಕು ಜನರ ಪರಿಚಯ ಮಾಡಿಕೊಳ್ಳಬೇಕು, ಒಳ್ಳೆ ಸೀರೆ ಉಡಲು ನೆಪ ಬೇಕು ಎನ್ನುವವರಾದರೆ ಹೋಟೆಲಿನ ಸಂಜೆ ನಿಮಗೆ ಸರಿಹೋಗಬಹುದು. 9,000ವನ್ನು ಊಟದ ಖಾತೆಗೆ ಬರೆದುಕೊಳ್ಳಿ, ಮಕ್ಕಳ ಓದಿಗೆ ಕೊಡುವುದನ್ನು ಬೇರೆಯಾಗಿ ಆ ಸಂಸ್ಥೆಯ ಖಾತೆಗೇ ಹಾಕಿ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ನಗದಾಗಿ ಕೊಡಬೇಡಿ, 2,000 ದಾಟಿದ ನಗದಿಗೆ ವಿನಾಯಿತಿ ಇಲ್ಲ.

ಮುಂದಿನ ಸಂತೆಗೆ ಆಗಲೇ ಎರಡು ಏರ್ಪಾಡಾಗಿದೆ. ಹಿಂದೆ ಒಂದು ಕ್ಯಾನ್ವಾಸನ್ನು ಬಣ್ಣ ಒಳಗಾಗಿ ಸುತ್ತಿ ತಂದು ಬಿರುಕು ಬಿಡಿಸಿದ್ದೆ, ಬಣ್ಣದ ಮುಖ ಹೊರಗಿರಬೇಕಂತೆ. ಅದಕ್ಕೆಂದು ತಂದ ದಪ್ಪ ರಟ್ಟಿನ ಕೊಳವೆ ಬಾಗಿಲ ಹಿಂದೆ ನಿಂತಿದೆ. ಇನ್ನೊಂದು, ಅಮ್ಮ ತಾನೂ ಬರುತ್ತೇನೆ ಎಂದಿದ್ದಾಳೆ. ಚಿತ್ತಾರ ಬರೆದ ಆ ಹೆಂಗಸನ್ನು ಹುಡುಕಿ, ಮೂಲೆಯಲ್ಲಿ ಬಿಟ್ಟುಹೋದ ಎಳೆಯ ವಿಷಯ ಕೇಳಬೇಕಂತೆ.