ಹಳೆಯ ಶೌಮೇ ಬಿಲ್ಲೆ: ವರ್ಷ ನೋಡಿ ಕೊಳ್ಳಬೇಡಿ, ಇಟ್ಟ ರೀತಿ ನೋಡಿ

ಚೀನಾದ ಫುಜಿಯಾನ್ ಪ್ರಾಂತ್ಯದ ಫೂಡಿಂಗ್‌ನಿಂದ ಬರುವ ಬಿಳಿ ಚಹಾಗಳಲ್ಲಿ ಇಟ್ಟು ಹಳತು ಮಾಡಲು ಹೇಳಿಮಾಡಿಸಿದ್ದು ಶೌಮೇ. ಬರೀ ಮೊಗ್ಗಿನ ಸಿಲ್ವರ್ ನೀಡಲ್‌ಗೆ ಎಳೆತನದ ಸವಿಯೇ ಬಂಡವಾಳ, ಇಟ್ಟಷ್ಟೂ ಅದು ಕರಗುತ್ತದೆ. ಶೌಮೇಯಲ್ಲಿ ಬಲಿತ ಎಲೆ, ಕಡ್ಡಿ ಹೆಚ್ಚು. ಹೊಸದರಲ್ಲಿ ಹಸಿಹುಲ್ಲಿನ ವಾಸನೆ, ತೆಳು ರುಚಿ. ಎಲೆಗಳನ್ನು ಒತ್ತಿ ಗಟ್ಟಿ ಮಾಡಿದ, ಚೆನ್ನಾಗಿಟ್ಟ ಆರೇಳು ವರ್ಷದ ಬಿಲ್ಲೆಯಲ್ಲಿ ಖರ್ಜೂರದ ಸಿಹಿ, ಒಣಮರದ ಘಮ.

ಬಿಳಿ ಚಹಾವನ್ನು ಹುರಿಯುವುದಿಲ್ಲ, ಬಾಡಿಸಿ ಒಣಗಿಸುತ್ತಾರೆ ಅಷ್ಟೆ. ಇಟ್ಟಲ್ಲೇ ನಿಧಾನವಾಗಿ ಒಗರು ಕೊಡುವ ಕ್ಯಾಟೆಚಿನ್‌ಗಳು ಕಡಿಮೆಯಾಗುತ್ತವೆ, ಅದರೊಂದಿಗೆ ಒಗರೂ ಇಳಿಯುತ್ತದೆ. ಥಿಯನಿನ್ ಎಂಬ ಅಮೈನೊ ಆಮ್ಲ ಕೂಡ ಕುಗ್ಗುವುದರಿಂದ ಹೊಸ ಚಹಾದ ತಾಜಾ ಸವಿ ಹೋಗುತ್ತದೆ. ಥಿಯನಿನ್ ಒಡೆದು ಬಂದ ಅಂಶ ಕ್ಯಾಟೆಚಿನ್ ಜೊತೆ ಸೇರಿ ಇಪಿಎಸ್‌ಎಫ್ ಎಂಬ ಸಂಯುಕ್ತಗಳಾಗುತ್ತವೆ. ವರ್ಷ ಕಳೆದಂತೆ ಇವು ಏರುವುದರಿಂದ ಪ್ರಯೋಗಾಲಯದಲ್ಲಿ ಚಹಾದ ವಯಸ್ಸು ಅಂದಾಜಿಸಲು ಇವನ್ನೇ ಅಳೆಯುತ್ತಾರೆ. ಕೆಫೀನ್ ಮಾತ್ರ ಹೆಚ್ಚೇನೂ ಇಳಿಯದು. ಹಳೆಯದಾದರೆ ರಾತ್ರಿ ಕುಡಿದರೂ ನಿದ್ದೆ ಬರುತ್ತದೆಂಬ ಅಂಗಡಿ ಮಾತನ್ನು ನಂಬಬೇಡಿ. ‘ಮೂರು ವರ್ಷಕ್ಕೆ ಮದ್ದು, ಏಳು ವರ್ಷಕ್ಕೆ ನಿಧಿ’ ಎಂಬ ಚೀನೀ ಮಾತೂ ಬೆಲೆ ಏರಿಸಲಿಕ್ಕೇ ಹೆಚ್ಚು ಬಳಕೆಯಾಗುತ್ತಿದೆ.

ಹೊದಿಕೆಯ ಮೇಲಿನ ಇಸವಿಯನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಬಿಲ್ಲೆ ಮುರಿದು ನೋಡಿ. ಸಹಜವಾಗಿ ಹಳತಾದ ಎಲೆಗಳಲ್ಲಿ ಬೂದು ಹಸಿರು, ಕಂದು, ಕೆಂಗಂದು ಬೆರೆತಿರುತ್ತವೆ, ಡಿಕಾಕ್ಷನ್ ಕೆಂಪಗಾದರೂ ತಿಳಿಯಾಗಿರುತ್ತದೆ. ಒದ್ದೆ ಮಾಡಿ ರಾಶಿ ಹಾಕಿ ಅವಸರದಲ್ಲಿ ಹಣ್ಣಾಗಿಸಿದ್ದರಲ್ಲಿ ಎಲ್ಲ ಎಲೆಯೂ ಒಂದೇ ಸಮ ಕಪ್ಪು. ಕುದಿಸಿದರೆ ಮಬ್ಬು, ಹುಳಿ ವಾಸನೆ.

ಬಿಲ್ಲೆಯನ್ನು ಅಂಚಿನಿಂದ ಪದರ ಪದರವಾಗಿ ಬಿಡಿಸಿ. ಪುಡಿಯಾದರೆ ಕಹಿ ಬೇಗ ಇಳಿಯುತ್ತದೆ. 100 ಮಿಲಿ ಬಟ್ಟಲಿಗೆ 5 ಗ್ರಾಂ, ಕುದಿಯುವ ನೀರು, ಮೊದಲು 15 ಸೆಕೆಂಡ್. ಮುಂದೆ ಪ್ರತಿ ಸಲ ಸ್ವಲ್ಪ ಹೆಚ್ಚಿಸಿ. ರುಚಿ ಸಪ್ಪೆಯಾದಾಗ ಅದೇ ಎಲೆಯನ್ನು ಅರ್ಧ ಲೀಟರ್ ನೀರಲ್ಲಿ 5 ನಿಮಿಷ ಕುದಿಸಿ. ಈ ಚಹಾದ ಅತ್ಯುತ್ತಮ ಲೋಟ ಸಿಗುವುದು ಆಗಲೇ.

ಮನೆಯಲ್ಲಿ ಇಡುವುದಾದರೆ ಫಾಯಿಲ್ ಚೀಲ, ಅದರ ಹೊರಗೆ ಪ್ಲಾಸ್ಟಿಕ್ ಚೀಲ, ಆಮೇಲೆ ರಟ್ಟಿನ ಪೆಟ್ಟಿಗೆ. ಅಡುಗೆಮನೆ, ಅಗರಬತ್ತಿ, ನುಸಿಗುಳಿಗೆಯಿಂದ ದೂರವಿರಲಿ. ಚೀನೀ ಮಾನದಂಡದಲ್ಲಿ ಬಿಳಿ ಚಹಾದ ತೇವಾಂಶಕ್ಕೆ 8.5% ಮಿತಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಚೀಲ ತೆರೆದಿಟ್ಟರೆ ಅದು ಬೇಗ ಮೀರುತ್ತದೆ. ಬಿಲ್ಲೆಯೊಳಗೆ ಬೂಷ್ಟು ಕಂಡರೆ ಬಿಸಿಲಿಗೆ ಹಾಕಿ ಉಳಿಸಿಕೊಳ್ಳಲು ಹೋಗಬೇಡಿ, ಎಸೆಯಿರಿ.