ಸಹಿ ಹಾಕುವ ಮೊದಲು ಆ ಫಾರಂ ಓದಿ

ಗರ್ಭಕೋಶ ತೆಗೆಸಿಬಿಡಿ ಅಂತ ಡಾಕ್ಟರ್ ಹೇಳಿದ್ದಾರಾ? ಈ ವಾರವೇ ಅಡ್ಮಿಟ್ ಆಗಿ ಅಂದಿದ್ದಾರಾ? ಹಾಗಿದ್ದರೆ ಅಡ್ವಾನ್ಸ್ ಕಟ್ಟುವ ಮೊದಲು ಇದನ್ನು ಓದಿ. ನಾನು ಕಟ್ಟಿದ ಮೇಲೆ ಎಚ್ಚೆತ್ತವಳು.

ನನಗೆ 41 ವರ್ಷ. ಮಂಡ್ಯದಲ್ಲಿ ಮನೆ, ಮೈಸೂರಿನಲ್ಲಿ ಕೆಲಸ. ಎರಡು ವರ್ಷದಿಂದ ಮುಟ್ಟಿನಲ್ಲಿ ರಕ್ತ ವಿಪರೀತ ಹೋಗುತ್ತಿತ್ತು. ಆ ದಿನಗಳಲ್ಲಿ ರೈಲಿನಲ್ಲಿ ಸೀಟು ಸಿಕ್ಕಿದರೂ ಕೂರುತ್ತಿರಲಿಲ್ಲ. ಎದ್ದಾಗ ಕಲೆ ಕಂಡರೆ ಅನ್ನುವ ಭಯ. ಆಫೀಸಿನ ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು.

ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಲೇಡಿ ಡಾಕ್ಟರ್, ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಧೈರ್ಯ. ಸ್ಕ್ಯಾನ್ ನೋಡಿ ಅವರು ನಮ್ಮನೆಯವರ ಕಡೆ ತಿರುಗಿದರು. "ಎಷ್ಟು ಮಕ್ಕಳು ನಿಮಗೆ?"

"ಎರಡು, ಮೇಡಂ."

"ಮತ್ತೆ ಇನ್ಯಾಕೆ ಅದನ್ನ ಇಟ್ಕೋತೀರಾ? ಗಡ್ಡೆ ಇದೆ. ನಾಳೆ ಕ್ಯಾನ್ಸರ್ ಆದ್ರೆ?"

ಹೊಟ್ಟೆ ನನ್ನದು, ಮಾತುಕತೆ ಅವರಿಬ್ಬರದು! ನಾನು ಮಧ್ಯೆ ಬಾಯಿ ಹಾಕಿ, "ಮಾತ್ರೆಯಲ್ಲಿ ಕಡಿಮೆ ಆಗಲ್ವಾ ಮೇಡಂ?" ಅಂದೆ. "ಮೊಬೈಲಲ್ಲಿ ಏನೇನೋ ಓದ್ಕೊಂಡು ಬಂದ್ರೆ ಹೀಗೇ. ನಿಮಗ್ಯಾಕಮ್ಮ ಅದೆಲ್ಲ? ಸರ್, ಕೌಂಟರ್‌ನಲ್ಲಿ ಐದು ಸಾವಿರ ಕಟ್ಟಿ, ಗುರುವಾರ ಕರ್ಕೊಂಡು ಬನ್ನಿ." ಕ್ಯಾನ್ಸರ್ ಅನ್ನುವ ಒಂದು ಪದ ಸಾಕಾಯಿತು. ನಮ್ಮನೆಯವರು ಬೆವರುತ್ತಲೇ ದುಡ್ಡು ಕಟ್ಟಿ ಬಂದರು. ಅವರನ್ನು ದೂರುವುದಿಲ್ಲ, ಹೆದರಿದ್ದರು ಪಾಪ.

ನರ್ಸ್ ಒಂದು ಫಾರಂ ತಂದು ಸೀದಾ ಅವರ ಕೈಗೆ ಕೊಟ್ಟಳು. ಅವರು ಸಹಿ ಹಾಕಿ ನನಗೆ ದಾಟಿಸಿದರು. ಇಡೀ ಕಾಗದ ಇಂಗ್ಲಿಷ್‌ನಲ್ಲಿ. ಆಪರೇಷನ್ ಹೆಸರಿನ ಜಾಗದಲ್ಲಿ ಪೆನ್ನಿನಲ್ಲಿ 'ಟಿಎಎಚ್ ವಿತ್ ಬಿಎಸ್ಒ' ಅಂತ ಬರೆದಿತ್ತು. ಏನಿದು ಅಂದೆ. "ಅದೆಲ್ಲ ಮಾಮೂಲಿ ಅಕ್ಕ, ಸೈನ್ ಮಾಡಿ." ನಾನು ಬಾತ್‌ರೂಮಿಗೆ ಹೋಗಿ ಬರುತ್ತೇನೆ ಅಂತ ಎದ್ದು, ಅಲ್ಲೇ ನಿಂತು ಮೊಬೈಲಿನಲ್ಲಿ ಹುಡುಕಿದೆ. ಟಿಎಎಚ್ ಅಂದರೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯುವುದು. ಬಿಎಸ್ಒ ಅಂದರೆ ಜೊತೆಗೆ ಎರಡೂ ಕಡೆಯ ನಾಳ ಮತ್ತು ಅಂಡಾಶಯ ತೆಗೆಯುವುದು. ಅಂಡಾಶಯದ ಸುದ್ದಿಯನ್ನು ಡಾಕ್ಟರ್ ಎತ್ತಿಯೇ ಇರಲಿಲ್ಲ. ಅದು ಹೋದರೆ ರಾತ್ರೋರಾತ್ರಿ ಮುಟ್ಟು ನಿಂತ ಹೆಂಗಸಿನ ದೇಹವಾಗುತ್ತದೆ. ಮೈ ಕಾವೇರುವುದು, ನಿದ್ದೆ ಕೆಡುವುದು, ಮೂಳೆ ಸವೆಯುವುದು ಎಲ್ಲ ಬೇಗ ಶುರು. ಚಿಕ್ಕ ವಯಸ್ಸಿನಲ್ಲಿ ತೆಗೆಸಿದವರಿಗೆ ಹೃದಯದ ಕಾಯಿಲೆಯ ಅಪಾಯವೂ ಜಾಸ್ತಿ.

ಸಹಿ ಹಾಕದೆ ಹೊರಗೆ ಬಂದೆ. ಮನೆಯಲ್ಲಿ ಜಗಳ. ಅತ್ತೆ, "ನಂದೂ ತೆಗೆಸಿದ್ರು, ನಾನೇನು ಸತ್ತೋದ್ನಾ?" ಅಂದರು. ನಮ್ಮ ಕಡೆ ಇದು ಹಲ್ಲು ಕೀಳಿಸಿದಷ್ಟೇ ಸಲೀಸಾಗಿಬಿಟ್ಟಿದೆ ನೋಡಿ.

ಸ್ಕ್ಯಾನ್ ರಿಪೋರ್ಟ್ ಕೇಳಿದರೆ "ಫೈಲ್ ನಮ್ಮಲ್ಲೇ ಇರಲಿ, ಹೇಗಿದ್ರೂ ಬರ್ತೀರಲ್ಲ" ಎಂಬ ಉತ್ತರ. ಇದು ಗೊತ್ತಿರಲಿ: ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ 2002ರ ನಿಯಮದಲ್ಲೇ ಇದೆ. ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಕೊಟ್ಟೆ. ಮಾರನೆಯ ದಿನವೇ ಸಿಕ್ಕಿತು. ಅಡ್ವಾನ್ಸ್‌ಗೆ ಮಾತ್ರ ಇನ್ನೂ ಅಲೆಯುತ್ತಿದ್ದೇನೆ.

ಎರಡನೇ ಡಾಕ್ಟರ್ ಮೊದಲು ಕೇಳಿದ್ದು, "ನಿಮಗೆ ಏನು ಬೇಕು?" ಅಂತ. ನನಗೆ ಅಳು ಬಂತು. ಗರ್ಭಕೋಶದ ಒಳಪದರದ ಬಯಾಪ್ಸಿ ಮಾಡಿಸಿದರು, ಕ್ಯಾನ್ಸರ್ ಇರಲಿಲ್ಲ. ಇಂಥ ಗಡ್ಡೆಗಳಲ್ಲಿ ಕ್ಯಾನ್ಸರ್ ತೀರಾ ಅಪರೂಪ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನಾಗಿ ಕುಗ್ಗುತ್ತವೆ ಅಂತ ಹೇಳಿದರು. ರಕ್ತ ಕಡಿಮೆ ಮಾಡುವ ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಇರುವ ವಂಕಿ (ಕಾಪರ್-ಟಿ ಥರದ್ದು), ಬರೀ ಗಡ್ಡೆ ತೆಗೆಯುವುದು, ಕೊನೆಗೆ ಗರ್ಭಕೋಶ ತೆಗೆಯುವುದು, ಇಷ್ಟನ್ನೂ ಚಿತ್ರ ಬರೆದು ವಿವರಿಸಿದರು. ನಾನು ವಂಕಿ ಆರಿಸಿಕೊಂಡೆ. ಮೊದಲ ಮೂರು ತಿಂಗಳು ಆಗಾಗ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿ ಕಿರಿಕಿರಿ ಆಯಿತು, ಸುಳ್ಳು ಹೇಳುವುದಿಲ್ಲ. ಈಗ ಹಿಮೋಗ್ಲೋಬಿನ್ 11.4. ರೈಲಿನಲ್ಲಿ ಕೂತೇ ಹೋಗುತ್ತೇನೆ. ಆಪರೇಷನ್ ಬೇಕೇ ಬೇಕಾದವರೂ ಇರುತ್ತಾರೆ, ನನ್ನ ತಕರಾರು ಅದಕ್ಕಲ್ಲ. ಬೇರೆ ದಾರಿ ಇದೆ ಅಂತ ಬಾಯಿಬಿಟ್ಟು ಹೇಳದೆ ಇದ್ದದ್ದಕ್ಕೆ.

ಗಂಡನ ಸಹಿ ಇದ್ದರೆ ಸಾಕು ಅಂತ ಯಾರಾದರೂ ಅಂದರೆ 2008ರ ಸುಪ್ರೀಂ ಕೋರ್ಟ್ ತೀರ್ಪು ನೆನಪಿಸಿ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ 44 ವರ್ಷದ ಹೆಂಗಸಿನ ಗರ್ಭಕೋಶ, ಅಂಡಾಶಯ ಎರಡನ್ನೂ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಬಿಟ್ಟಿದ್ದರು. ಜೀವಕ್ಕೆ ಅಪಾಯವಿಲ್ಲದಾಗ ಒಪ್ಪಿಗೆ ಕೊಡಬೇಕಾದವಳು ಅವಳೇ, ಪರೀಕ್ಷೆಗೆ ಒಪ್ಪಿದರೆ ಆಪರೇಷನ್‌ಗೆ ಒಪ್ಪಿದಂತಲ್ಲ ಎಂದಿತು ಕೋರ್ಟ್. ಪರಿಹಾರ ಕೊಡಿಸಿದ್ದು ಬರೀ 25,000 ರೂಪಾಯಿ, ಅದು ಬೇರೆ ಕಥೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ತಂದಿದೆ. ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದ್ದೂ ಆಗಿದೆ.

ಫಾರಂನಲ್ಲಿ ಅರ್ಥವಾಗದ ಅಕ್ಷರ ಕಂಡರೆ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಅಂಡಾಶಯ ಉಳಿಸುತ್ತೀರಾ ಅಂತ ನೀವೇ ಕೇಳಿ. ಕೇಳಿದರೆ ರೇಗುತ್ತಾರಾ, ಎದ್ದು ಬನ್ನಿ.

ನನ್ನ ಅಕ್ಕನಿಗೆ 36ಕ್ಕೇ ಆಪರೇಷನ್ ಆಗಿತ್ತು. ಬರೀ ಗರ್ಭಕೋಶ ಅಂತಲೇ ಅವಳಿಗೆ ಹೇಳಿದ್ದರು. ಅಂದಿನಿಂದ ಸೊಂಟ ನೋವು, ಮೈಯೆಲ್ಲ ಉರಿ. ನನ್ನ ಕಥೆ ಕೇಳಿದ ಮೇಲೆ ಟ್ರಂಕಿನಿಂದ ಹಳೆಯ ಡಿಸ್ಚಾರ್ಜ್ ಕಾಗದ ಹುಡುಕಿ ಫೋಟೋ ಕಳಿಸಿದಳು. "ಇದ್ರಲ್ಲೂ ಆ ಮೂರು ಅಕ್ಷರ ಐತಾ ನೋಡೇ" ಅಂತ.

ಇದೆ. ಅವಳಿಗಿನ್ನೂ ಹೇಳಿಲ್ಲ.